ತೊಟ್ಟಿಲ ತಿಪ್ಪಣ್ಣ

ಫಕ್ಕೀರಪ್ಪ ಬೀಳುವುದನ್ನು ನೀವು ನೋಡಬೇಕಿತ್ತು. ಕಾಲು ಆಕಾಶಕ್ಕೆ, ರುಮಾಲು ಗಟಾರಕ್ಕೆ. ಎರಡೂ ಕೈಯಿಂದ ಎತ್ತಿ ಹಿಡಿದ ಬಣ್ಣದ ತೊಟ್ಟಿಲು ಮಾತ್ರ ನೆಲಕ್ಕೆ ತಾಗುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಟೀವಿಗೆ ನಾನು ಬರೆಯುತ್ತಿದ್ದ ನಗೆ ಧಾರಾವಾಹಿಯ ಜೀವವೇ ಅದು. ಅದರಲ್ಲಿ ಅವನದು ತಿಪ್ಪಣ್ಣನ ಪಾತ್ರ. ತೊಟ್ಟಿಲು ಹೊತ್ತು ಬಾಣಂತಿಯ ಮನೆಗೆ ಹೊರಟ ತಿಪ್ಪಣ್ಣ ಎಮ್ಮೆಗೆ ಹೆದರಿ, ಸೈಕಲ್ಲಿಗೆ ಗುದ್ದಿ, ಕೆಸರಿನಲ್ಲಿ ಜಾರಿ ವಾರವಾರವೂ ಬೀಳುತ್ತಿದ್ದ.

ನಾನು ಕಲಘಟಗಿಯಲ್ಲಿ ಶಾಲೆಯ ಮಾಸ್ತರ. ಫಕ್ಕೀರಪ್ಪ ಅಲ್ಲಿಯವನೇ, ತೊಟ್ಟಿಲಿಗೆ ಬಣ್ಣ ಬರೆಯುವುದು ಮನೆತನದ ಕಸುಬು. ಖಾಲಿ ತೊಟ್ಟಿಲನ್ನು ಯಾರಾದರೂ ಸುಮ್ಮನೆ ತೂಗಿದರೂ ಕೂಸಿಗೆ ಕೇಡೆಂದು ಉರಿದುಬೀಳುತ್ತಿದ್ದ. "ನಾ ಬಿದ್ರ ಮಂದಿ ನಗತಾರ್ರಿ ಮಾಸ್ತರ್ರ. ತೊಟ್ಟಿಲಾ ಬಿದ್ರ ಯಾರ ನಗತಾರ?" ಎನ್ನುತ್ತಿದ್ದ.

ತಿಪ್ಪಣ್ಣನನ್ನು ಸಿನಿಮಾ ಮಾಡುತ್ತೇವೆಂದು ಬೆಂಗಳೂರಿನ ನಿರ್ಮಾಪಕರೊಬ್ಬರು ಬಂದಾಗ ನನ್ನ ತಲೆ ತಿರುಗಿತು. "ದೊಡ್ಡ ಪರದೆಗೆ ಬರೀ ಬಿದ್ರೆ ಸಾಲದು ಸಾರ್. ಕೊನೆಗೆ ತೊಟ್ಟಿಲು ಚೂರಾಗಬೇಕು" ಎಂದರು. ತಪ್ಪೆಂದು ಗೊತ್ತಿದ್ದೂ ಬರೆದುಕೊಟ್ಟೆ.

ಫಕ್ಕೀರಪ್ಪ ಎರಡು ದಿನ ಒಪ್ಪಲಿಲ್ಲ. "ಬ್ಯಾಡ್ರಿ. ನನ್ನ ಬೇಕಾದ್ರ ಮಾಳಗಿ ಮ್ಯಾಲಿಂದ ಕೆಡವರಿ."

"ಅದು ಸಿನಿಮಾದ ತೊಟ್ಟಿಲಾ ತಮ್ಮಾ. ನನ್ನ ಮಾತ ಕೇಳು" ಎಂದೆ.

ಬೇರೆ ಯಾರು ಹೇಳಿದ್ದರೂ ಕೇಳುತ್ತಿರಲಿಲ್ಲ. ಆ ತೊಟ್ಟಿಲಿಗೂ ತಾನೇ ಗಿಳಿ, ಹೂಬಳ್ಳಿ ಬರೆದು, ಕ್ಯಾಮೆರಾದ ಮುಂದೆ ಅದನ್ನು ಕೈಬಿಟ್ಟ.

ಹುಬ್ಬಳ್ಳಿಯ ಟಾಕೀಜಿಗೆ ನಮ್ಮೂರಿನಿಂದ ಬಸ್ಸು ತುಂಬ ಜನ ಹೋದರು. ತಿಪ್ಪಣ್ಣ ಮೊದಲು ಬಿದ್ದಾಗ ಸೀಟಿಯೋ ಸೀಟಿ. ತೊಟ್ಟಿಲು ಒಡೆದಾಗ ಒಬ್ಬರೂ ನಗಲಿಲ್ಲ. "ಅಯ್ಯ ಶಿವನ, ತೊಟ್ಟಿಲಾ!" ಎಂದು ಹಿಂದಿನಿಂದ ಮುದುಕಿಯೊಬ್ಬಳು ಕೂಗಿದಳು. ನನ್ನ ಬಾಜೂಕ ಕೂತಿದ್ದ ಫಕ್ಕೀರಪ್ಪ ಎದ್ದು ಹೊರಗೆ ಹೋದ.

ಸಿನಿಮಾ ಒಂದು ವಾರವೂ ಓಡಲಿಲ್ಲ. ಅದು ಹೋಗಲಿ. ಮಗಳ ಹೆರಿಗೆಗೆ ತೊಟ್ಟಿಲು ಕೊಳ್ಳಲು ಬಂದವರು ಅವನ ಮನೆ ದಾಟಿ ಮುಂದಿನ ಮನೆಗೆ ಹೋಗತೊಡಗಿದರು. ತೊಟ್ಟಿಲು ಒಡೆದ ಕೈಯೆಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಸುಮ್ಮನೆ ದಾಟಿದರು.

ಕೊನೆಯ ಸಲ ಅವನನ್ನು ನೋಡಿದ್ದು ದೇವಿಕೊಪ್ಪದಲ್ಲಿ. ಏಣಿ ಹತ್ತಿ ಗೊಬ್ಬರದಂಗಡಿಯ ಬೋರ್ಡು ಬರೆಯುತ್ತಿದ್ದ. ನನ್ನನ್ನು ಕಂಡವನೇ ಇಳಿದು ಬಂದು, ಚಹಾ ತರಿಸಿದ. ನನಗೆ ತಡೆಯಲಾಗಲಿಲ್ಲ.

"ತಪ್ಪ ನಂದು, ಫಕ್ಕೀರಪ್ಪ. ನಾ ಬರೀಬಾರದಿತ್ತು."

ಬಯ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಅಂಗೈಗೆ ಹತ್ತಿದ ಬಣ್ಣವನ್ನು ಅರಿವೆಯಿಂದ ಒರೆಸಿಕೊಂಡ.

"ಬರದವ್ರು ನೀವು, ಖರೇರಿ. ಕೈ ಬಿಟ್ಟಾಂವ ನಾ ಅಲ್ಲೇನ್ರಿ?"