ಎರಡು ಆಯ್ತು

ಆಲಸನತ್ತಂನಲ್ಲಿ ನಾವು ಹಾಲು ಅಳೆಯುವ ಯಂತ್ರ ಮಾಡುತ್ತೇವೆ. ಅದರೊಳಗೆ ಅಳತೆಗಳನ್ನು ಉಳಿಸಿಡುವ ಫ್ಲ್ಯಾಶ್ ಮೆಮೊರಿ ಚಿಪ್ಪನ್ನು ನಡೆಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಬರೆಯುವುದು ನನ್ನ ಕೆಲಸ. ಹಳೆಯದನ್ನು ಅಳಿಸು ಎಂದು ಚಿಪ್‌ಗೆ ಹೇಳಿದ ಮೇಲೆ ಹೊಸದನ್ನು ಬರೆಯಲು ಎಷ್ಟು ಹೊತ್ತು ಕಾಯಬೇಕು ಎನ್ನುವುದು ಅದರಲ್ಲಿರುತ್ತದೆ.

ನಾಟ್ರಾಂಪಾಳ್ಯದಲ್ಲಿ ಊರವರ ಹಾಲು ಅಳೆದು ತೆಗೆದುಕೊಳ್ಳುವ ಅಕ್ಕ ಒಬ್ಬರು ಒಂದು ಬೆಳಿಗ್ಗೆ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಕೆಲವರ ಅಳತೆ ಅದರಲ್ಲಿ ಉಳಿಯುತ್ತಿರಲಿಲ್ಲ.

"ನಾನೇ ಅಳ್ಸಿವ್ನಿ ಅಂತವ್ರೆ. ನಮ್ಮ ಓರಗಿತ್ತೀನೇ ಕಳ್ಳಿ ಅಂದ್ಬುಟ್ಲು ಕಣಪ್ಪ."

"ನೀವು ಬೇಗ ಆಫ್ ಮಾಡ್ತೀರೇನೋಮ್ಮ," ಎಂದರು ನಮ್ಮ ಯಜಮಾನರು.

"ಆಯ್ತು ಅಂತ ಬಂದ್ಮೇಲೇ ಸಾರ್ ಆಫ್ ಮಾಡೋದು."

ನಾನು ಆಫ್ ಮಾಡದೆಯೇ ಪರೀಕ್ಷಿಸಿದೆ. ಆಗಲೂ ಅಳತೆ ಹೋಯಿತು. ಯಜಮಾನರ ವಾದವೂ ಹೋಯಿತು.

ಚಿಪ್ ಮಾಡಿದವರು ಮಾಮೂಲಿ ಹೊತ್ತು, ಗರಿಷ್ಠ ಹೊತ್ತು ಎಂದು ಎರಡು ಕೊಟ್ಟಿರುತ್ತಾರೆ. ಡ್ರೈವರಿನಲ್ಲಿದ್ದದ್ದು ಮಾಮೂಲಿ. ಚಿಪ್ ಸವೆದು ನಿಧಾನವಾಗಿತ್ತು. ಅದು ಇನ್ನೂ ಅಳಿಸುತ್ತಿರುವಾಗಲೇ ನಾವು ಬರೆಯಲು ಕೊಡುತ್ತಿದ್ದೆವು. ಅದು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೂ ಪರದೆ 'ಆಯ್ತು' ಎನ್ನುತ್ತಿತ್ತು. ಪರದೆಯ ಮಾತುಗಳನ್ನು ಕನ್ನಡಕ್ಕೆ ತಂದವರು ಒಪ್ಪಿದೆ ಎನ್ನುವ 'ಓಕೆ'ಗೂ ಆಯ್ತು, ಮುಗಿಯಿತು ಎನ್ನುವ 'ಡನ್'ಗೂ ಆಯ್ತು ಎಂದು ಬರೆದಿದ್ದರು. ಭಾಷೆಯ ಪ್ರಕಾರ ತಪ್ಪಿಲ್ಲ. ಅಕ್ಕನಿಗೆ ಕಾಣುತ್ತಿದ್ದದ್ದು 'ಓಕೆ'ಯ ಆಯ್ತು ಎಂದು ಅವರಿಗೂ ವಿವರಿಸಿದೆ.

"ಗರಿಷ್ಠ ಹಾಕಿದ್ರೆ ಮಿಷಿನ್ ನಿಧಾನ ಅಂತಾರಲ್ಲಯ್ಯ," ಎಂದರು ಯಜಮಾನರು.

"ಈಗ ಕಳ್ಳಿ ಅಂತಿದ್ದಾರೆ ಸಾರ್. ಯಾವ್ದು ವಾಸಿ?"

ಕಾಯುವ ಹೊತ್ತನ್ನು ಗರಿಷ್ಠಕ್ಕೆ ಏರಿಸಿದೆ. ಬರೆದದ್ದನ್ನು ಓದಿ ನೋಡಿದ ಮೇಲಷ್ಟೇ 'ಬರೆದಾಯ್ತು' ಎಂದು ತೋರಿಸುವಂತೆ ಮಾಡಿದೆ. ಮಧ್ಯಾಹ್ನದವರೆಗೆ ಒಂದು ಅಳತೆಯೂ ಹೋಗಲಿಲ್ಲ. ಅಕ್ಕ ಮಾತ್ರ ಏಳಲಿಲ್ಲ.

"ಮಿಷಿನ್ ಸರಿಹೋಯ್ತು. ನನ್ನೆಸ್ರು? ಯಾರಾನ ಬಂದು ಊರೋರ ಮುಂದೆ ಹೇಳ್ಬೇಕು."

"ಆಯ್ತಮ್ಮ, ಕಳಿಸ್ತೀನಿ."

"ಯಾವ ಆಯ್ತು ಸಾರ್?"

ಯಜಮಾನರು ನನ್ನನ್ನು ನೋಡಿದರು. ನಾಟ್ರಾಂಪಾಳ್ಯದ ಕಡೆ ಹೋಗುವ ಅಂಚೆಟ್ಟಿ ಬಸ್ಸಿನಲ್ಲಿ ಯಂತ್ರಕ್ಕೆ ಸೀಟು ಸಿಕ್ಕಿತು, ನನಗೆ ಸಿಗಲಿಲ್ಲ.

ಸಂಜೆ ಹಾಲು ತಂದವರ ಮುಂದೆ ನಿಂತು, ತಪ್ಪು ಯಂತ್ರದ್ದು, ಅಕ್ಕನದಲ್ಲ ಎಂದು ಸಕಾರಣವಾಗಿ ವಾದಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಒಂದು ಎಮ್ಮೆ ಕೂಗಿತು.

"ಮುಗೀತೇನಪ್ಪ?" ಎಂದಳು ಓರಗಿತ್ತಿ. ಅಕ್ಕನ ಮುಖ ನೋಡದೆ ತನ್ನ ಕ್ಯಾನನ್ನು ಮುಂದಕ್ಕೆ ತಳ್ಳಿದಳು. "ಅಳೆ."

ಅಕ್ಕ ಅಳೆದು ಗುಂಡಿ ಒತ್ತಿದರು. ಪರದೆ ಗರಿಷ್ಠ ಹೊತ್ತು ತೆಗೆದುಕೊಂಡಿತು. 'ಬರೆದಾಯ್ತು' ಎಂದು ಬರುವ ತನಕ ಮೂವರೂ ಅದನ್ನೇ ನೋಡುತ್ತ ನಿಂತಿದ್ದೆವು.

"ನಿಧಾನ ಆಯ್ತು," ಎಂದಳು ಓರಗಿತ್ತಿ.