ಕೆಂಪು ಸಾಲಿಗೆ ನಿಲ್ಲದ ಪ್ರೋಗ್ರಾಂ

ಮೊನ್ನೆ ಅರಸೀಕೆರೆಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಒಬ್ಬ ಹೆಂಗಸು ಬಂದು ಗಂಟೊಂದನ್ನು ಮೇಜಿನ ಮೇಲಿಟ್ಟರು. ಬಿಚ್ಚಿದರೆ ನುಸಿಗುಳಿಗೆಯ ವಾಸನೆ. ಹಳೇ ಸೀರೆ ಕತ್ತರಿಸಿ ಹೊಲಿದ, ಹಸಿರಂಚಿನ ಕಂಪ್ಯೂಟರ್ ಮುಸುಕು... ನಮ್ಮ ಕಂಪ್ಯೂಟರ್ ಸೆಂಟರಿನ ಮೇಡಂ ಹೊಲಿದದ್ದು. ತಂದವರು ಅವರ ತಂಗಿ. ಮೇಡಂ ಹೋಗಿಬಿಟ್ಟರಂತೆ.

ತೊಂಬತ್ತರ ದಶಕದ ಕೊನೆ. ಮೇಡಂ ಕಣಕಟ್ಟೆಯಿಂದ ದಿನಾ ಬಸ್ಸಿನಲ್ಲಿ ಬಂದು ಪಾಠ ಹೇಳುತ್ತಿದ್ದರು. ಫೀಸಿನ ಬದಲು ಸೆಂಟರಿಗೆ ಕೆಲಸ ಹಿಡಿದು ತರುತ್ತೇನೆಂದು ಚೌಕಾಸಿ ಮಾಡಿ ಸೇರಿದವನು ನಾನು. ಹಾಗೇ ಹಗರೆ ಕಡೆಯ ಒಂದು ಹಾಲಿನ ಸೊಸೈಟಿಯ ಕೆಲಸ ತಂದೆ. ಹಾಲು ಹಾಕುವವರ ಹೆಸರು, ಅವರ ಹಾಲಿನ ಜಿಡ್ಡು ಎಷ್ಟೆಂದು ಹೇಳುವ ಫ್ಯಾಟು ಇರುವ ಫೈಲನ್ನು ಓದಿ ಅಚ್ಚು ಹಾಕುವ ಪ್ರೋಗ್ರಾಂ. ಬರೆದು ಕೊಟ್ಟರೆ ಕೆಲವರ ಫ್ಯಾಟು ಸೊನ್ನೆ ಬಂತು.

"ನಮ್ಮೆಮ್ಮೆ ನೀರು ಕರೀತಾವೇನ್ಲಾ?" ಎಂದು ಸೆಕ್ರೆಟರಿ ಎಲ್ಲರೆದುರು ಕೇಳಿದರು. ಸೋಮವಾರದೊಳಗೆ ಸರಿಯಾಗದಿದ್ದರೆ ಕೆಲಸ ವಾಪಸ್. ಅದು ಹೋದರೆ ಸೆಂಟರಿಗೆ ಬೀಗ ಬೀಳುವುದು ಖಾತ್ರಿಯಿತ್ತು.

ಫ್ಯಾಟು ಓದುವ ಸಾಲಿಗೆ ಬ್ರೇಕ್‌ಪಾಯಿಂಟ್ ಇಟ್ಟೆ. ಇಟ್ಟ ಸಾಲು ಕೆಂಪಾಗುತ್ತದೆ; ಪ್ರೋಗ್ರಾಂ ಅಲ್ಲಿ ನಿಂತರೆ ಒಳಗೆ ಏನಾಗಿದೆ ಎಂದು ನೋಡಬಹುದು. ನಿಲ್ಲಲೇ ಇಲ್ಲ. ಪರದೆ ಒಮ್ಮೆ ಮಿನುಗಿ, ಇದ್ದಲ್ಲಿಗೇ ವಾಪಸ್. ಇನ್ನೊಂದಷ್ಟು ಸಾಲು ಕೆಂಪು ಮಾಡಿದೆ. ಊಹೂಂ. ಸಾಫ್ಟ್‌ವೇರೇ ಕೆಟ್ಟಿದೆ, ಬೇರೆ ಹಾಕೋಣ ಎಂದೆ.

ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ನಿಲ್ಲಲಿಲ್ಲ ಅಂತೀಯಲ್ಲ, ಅಲ್ಲಿಗೆ ಬಂತಾ ಅದು? ಬಸ್ಸು ಆ ರಸ್ತೆಗೇ ಬರ್ದಿದ್ರೆ, ನೀನು ಕೈ ಅಡ್ಡ ಹಾಕ್ಕೊಂಡು ನಿಂತು ಏನ್ ಮಾಡ್ತೀಯೋ?"

ನಾನಿಟ್ಟದ್ದನ್ನೆಲ್ಲ ಅಳಿಸಿ, ಮೊಟ್ಟಮೊದಲ ಸಾಲನ್ನು ಮಾತ್ರ ಕೆಂಪು ಮಾಡಿದರು. ನಿಂತಿತು. ಅಲ್ಲಿಂದ ಸಾಲುಸಾಲಾಗಿ ನಡೆಸಿದರು. ಸ್ವಲ್ಪ ದೂರ ಹೋಗಿ, ಫೈಲಿನ ಹೆಸರು ಕೊಟ್ಟಿಲ್ಲವೆಂದು ಪ್ರೋಗ್ರಾಂ ಮುಗಿದೇ ಹೋಯಿತು. ಹೊರಗೆ ಡಾಸ್‌ನ ಕಪ್ಪು ಪರದೆಯಲ್ಲಾದರೆ ಪ್ರೋಗ್ರಾಮಿನ ಹೆಸರಿನ ಪಕ್ಕ ಫೈಲಿನ ಹೆಸರೂ ಟೈಪು ಮಾಡುತ್ತಿದ್ದೆ. ಪ್ರೋಗ್ರಾಂ ಬರೆಯುವ ಈ ಸಾಫ್ಟ್‌ವೇರಿನೊಳಗೆ ಬರೀ ರನ್ ಒತ್ತುತ್ತಿದ್ದೆ. ಮೆನುವಿನಲ್ಲಿ ಅದಕ್ಕೆಂದೇ ಇದ್ದ ಜಾಗದಲ್ಲಿ ಹೆಸರು ಕೊಟ್ಟೊಡನೆ ನನ್ನ ಸಾಲಿಗೂ ಬಂದು ನಿಂತಿತು. ಆಗ ಕಂಡಿತು: ಯಾರ ಹೆಸರಿನ ನಡುವೆ ಖಾಲಿ ಜಾಗ ಇತ್ತೋ, ಅವರ ಹೆಸರಿನ ಉಳಿದ ತುಂಡು ಫ್ಯಾಟಿನ ಜಾಗಕ್ಕೆ ನುಗ್ಗಿ ಸೊನ್ನೆಯಾಗುತ್ತಿತ್ತು.

ಪೂರ್ತಿ ಹೆಸರನ್ನು ಒಟ್ಟಿಗೇ ಓದುವಂತೆ ತಿದ್ದಿದೆ. ಸೋಮವಾರ ಸೆಕ್ರೆಟರಿ ಕಾಗದದ ಮೇಲೆ ಬೆರಳಾಡಿಸಿ, "ಈಗ ಹಾಲು ಕಣ್ರೀ ಮೇಡಂ" ಎಂದರು. ಸೆಂಟರು ಇನ್ನೂ ಕೆಲವು ವರ್ಷ ಬಾಗಿಲು ತೆರೆದಿತ್ತು.

ಇವತ್ತಿಗೂ ಏನೋ ಕೆಟ್ಟಿದೆ ಎಂದು ಬಂದವರಿಗೆ ನಾನು ಕೊಡುವ ಬಿಟ್ಟಿ ಸಲಹೆ ಇದೇ: ಕೆಟ್ಟ ಜಾಗದಲ್ಲಿ ಗುದ್ದಾಡಬೇಡಿ, ಸರಿಯಿದೆ ಎಂದು ಗೊತ್ತಿರುವ ಕಡೆಯಿಂದ ನಡೆದು ಬನ್ನಿ.

ಅಂಗಡಿ ಹಾಕುವಾಗ ಹಟ ಹಿಡಿದು ಬಸ್ ಸ್ಟ್ಯಾಂಡ್ ಎದುರಿನ ಮಳಿಗೆಯನ್ನೇ ಹಿಡಿದಿದ್ದೆ. ಕಣಕಟ್ಟೆ ಬಸ್ಸಿನಿಂದ ಒಂದಲ್ಲ ಒಂದು ದಿನ ಮೇಡಂ ಇಳಿದೇ ಇಳಿಯುತ್ತಾರೆ ಎಂದುಕೊಂಡು...

"ಅಕ್ಕ ಕಣಕಟ್ಟೆ ಬಿಟ್ಟು ಎಷ್ಟೋ ವರ್ಷದಿಂದ ನಮ್ಮ ಜೊತೆ ಬಸ್ತಿಹಳ್ಳೀಲೇ ಇದ್ರು. ಈ ಕಡೆ ಬರ್ತಾನೇ ಇರ್ಲಿಲ್ಲ" ಎಂದರು ತಂಗಿ.

ಹಳೇ ಮಾನಿಟರಿನ ಗುಡಾಣದಂಥ ಹೊಟ್ಟೆಗೆ ಹೊಲಿದ ಮುಸುಕು. ಅಂಗಡಿಯ ಈಗಿನ ತೆಳ್ಳನೆಯದಕ್ಕೆ ಹಾಕಿದ್ದೇನೆ, ಹಿಂದೆಲ್ಲ ಜೋಲುತ್ತದೆ. ತೆಗೆದಿಲ್ಲ.