ಫೈಲು ತೆರೆಯುವ ಮೊದಲು ಹೇಳುವ ಮಾತು

ನಮ್ಮ ಶಿರಸಿ ಕಡೆಯ ಮನೆಗೆ ನೀವು ಬಂದರೆ ಮೊದಲು ಕೈಗೆ ಬರುವುದು ನೀರು, ಬೆಲ್ಲ. ಆಮೇಲೆ “ಆಸರಿಗೆ ಎಂತ ಅಡ್ಡಿಲ್ಲೆ?” ಎಂದು ಕುಡಿಯಲು ಏನಾಗಬಹುದೆಂದು ಕೇಳುವ ಉಪಚಾರ, ನಂತರ ಊರವರೆಲ್ಲರ ಯೋಗಕ್ಷೇಮ. ಬಂದವರಾದರೂ ಬಂದ ಕಾರ್ಯವನ್ನು ಬಾಯಿಬಿಡುವುದು ಹೊರಡುವಾಗಲೇ, ಅಂಗಳದಂಚಿನ ಬೇಲಿಬಾಗಿಲು, ದಣಪೆ ದಾಟುತ್ತ, “ಅಂದಹಾಗೆ...” ಎಂದು. ಈ ಸಂಕೋಚದಲ್ಲೇ ಬೆಳೆದ ನನಗೆ ಅದೊಂದು ದೋಷವೆಂದು ಎಂದೂ ಅನ್ನಿಸಿರಲಿಲ್ಲ.

ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಎಂಟು ಹಳೆಯ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ, ನಿಲ್ಕುಂದದ ಇಳಿಜಾರಿನಲ್ಲಿ ಮಳೆನೀರು ಹರಿಯುವ ಲೆಕ್ಕವನ್ನು ಎಂಟು ಪಾಲು ಮಾಡಿ ಹಂಚಿದ್ದೆ. ತಮ್ಮತಮ್ಮೊಳಗೆ ಸಂದೇಶ ಕಳಿಸಿಕೊಳ್ಳುತ್ತ ಅವು ದುಡಿಯುತ್ತಿದ್ದವು. ಐದು ದಿನದೊಳಗೆ ಈ ಕೆಲಸವನ್ನು ಒಂದು ತಾಸಿಗೆ ಇಳಿಸದಿದ್ದರೆ ಎಂಟೂ ಗುಜರಿಗೆ, ಕೋಣೆ ಉಗ್ರಾಣಕ್ಕೆ ಎಂದು ಪ್ರಾಂಶುಪಾಲರು ಹೇಳಿಬಿಟ್ಟಿದ್ದರು. ಲೆಕ್ಕವೇನೋ ಬೇಗ ಮುಗಿಯುತ್ತಿತ್ತು. ಉತ್ತರ ಬರೆಯಲು ಎಂಟೂ ಒಂದೇ ಫೈಲಿಗೆ ಮುಗಿಬಿದ್ದು ಎರಡು ತಾಸು ತಿನ್ನುತ್ತಿದ್ದವು.

ಅದಕ್ಕೆ ಮದ್ದೂ ಇತ್ತು. ಯಂತ್ರಗಳ ನಡುವೆ ಸಂದೇಶ ಸಾಗಿಸುವ, ಫೈಲು ಬರೆಸುವ ಸಿದ್ಧ ಪ್ರೋಗ್ರಾಮಿಗೆ, ಅಂದರೆ ಲೈಬ್ರರಿಗೆ, ಒಂದು ಚೀಟಿ ಕೊಡಬಹುದು: ಎಡಕ್ಕೆ ವಿಷಯದ ಹೆಸರು, ಬಲಕ್ಕೆ ನಮ್ಮ ಆಯ್ಕೆ. ‘ಬರೆಯುವವರು: ಇಬ್ಬರು’ ಎಂದರೆ ಎರಡೇ ಯಂತ್ರಗಳು ಎಲ್ಲರ ಉತ್ತರ ಕೂಡಿಸಿ ಬರೆಯುತ್ತವೆ. ಅದು ಅಪ್ಪಣೆಯಲ್ಲ, ಬರೀ ಸಲಹೆ; ಲೈಬ್ರರಿಗೆ ಬೇಡವಾದರೆ ಗೊಣಗದೆ ಸುಮ್ಮನಿದ್ದುಬಿಡುತ್ತದೆ. ನಾಲ್ಕು ದಿನ ಇಬ್ಬರು, ಮೂವರು, ನಾಲ್ವರು ಎಂದು ಬದಲಿಸಿ ಬದಲಿಸಿ ಕೊಟ್ಟೆ. ಏನೂ ಆಗಲಿಲ್ಲ. ನನಗೆ ಅಳುವೇ ಬಂತು.

ಕೊನೆಯ ದಿನ ನಮ್ಮ ಲ್ಯಾಬ್ ನೋಡಿಕೊಳ್ಳುವ ವಜ್ರಳ್ಳಿಯ ಗಣಪಣ್ಣ ಹತ್ತಿರ ಬಂದು, ಎಂತ ಮಾಡ್ತಾ ಇದ್ದಿ ಎಂದು ವಿಚಾರಿಸಿದರು.

“ಮೊದ್ಲು ಫೈಲ್ ತೆರೀತೆ ಗಣಪಣ್ಣ, ಆಮೇಲೆ ಚೀಟಿ ಬರೀತೆ.”

“ತೆರೆದಾದ ಮೇಲೆ ಹೇಳಿರೆ ಎಂತಕ್ಕೆ ಬಂತು ಮೇಡಂ? ಅದು ಕೆಲ್ಸ ಶುರು ಮಾಡಿ ಆಗೋಜು.”

ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಫೈಲು ತೆರೆಯುವ ಗಳಿಗೆಯಲ್ಲೇ ಲೈಬ್ರರಿ ಚೀಟಿ ನೋಡಿಕೊಳ್ಳುತ್ತದೆ, ಆಮೇಲೆ ಬರೆದದ್ದು ಅದಕ್ಕೆ ಕಾಣುವುದೇ ಇಲ್ಲ. ನಮ್ಮೂರಿನ ದಾಕ್ಷಿಣ್ಯ ನನ್ನ ಪ್ರೋಗ್ರಾಮಿನೊಳಗೂ ನೆಂಟರಂತೆ ಬಂದು ಕೂತಿತ್ತು. ಚೀಟಿಯ ಎರಡು ಸಾಲನ್ನು ಫೈಲು ತೆರೆಯುವ ಸಾಲಿಗಿಂತ ಮೇಲಕ್ಕೆತ್ತಿದೆ, ಅಷ್ಟೆ. ಅರ್ಧ ತಾಸು ತುಂಬುವ ಮೊದಲೇ ಉತ್ತರ ಪೂರ್ತಿ ಬಂದು ಬಿತ್ತು. ಗಣಪಣ್ಣ ಎರಡು ಸಲ ಗೋಡೆಯ ಗಡಿಯಾರ ನೋಡಿದರು. ನಾನು ಖುಷಿಯಲ್ಲಿ ಕುರ್ಚಿಯಿಂದ ಎದ್ದೇಬಿಟ್ಟಿದ್ದೆ.

ಎದ್ದವಳು ನೇರ ಪ್ರಾಂಶುಪಾಲರ ಕೋಣೆಗೆ ನಡೆದೆ. ಹಾವೇರಿ ಕಡೆಯ ಅವರು ಎಂದಿನಂತೆ, “ಬರ್ರಿ ಮೇಡಂ, ಕೂಡ್ರಿ, ಚಾ ತರಸ್ತೀನಿ” ಎಂದರು. ಹತ್ತು ವರ್ಷ ಆ ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಹೇಳಬೇಕಾದ್ದನ್ನು ಬಾಗಿಲವರೆಗೆ ಒಯ್ದು ಅಲ್ಲೇ ನುಂಗಿಕೊಂಡು ಬಂದವಳು ನಾನು.

“ಅರ್ಧ ತಾಸಿಗೇ ಮುಗೀತು ಸರ್. ಎಂಟು ಯಂತ್ರವೂ, ಆ ಕೋಣೆಯೂ ನಮಗೆ ಬೇಕು,” ಎಂದೆ, ನಿಂತೇ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಆತು, ಇಟ್ಕೊಳ್ರಿ. ಈಗಾದ್ರೂ ಕೂಡ್ರಿ.”

ಕೂತೆ.